ಹನ್ನೊಂದು ಹೆಸರಿಗಾಗಿ ಬುರೈಮಿಗೆ

ಜನವರಿಯ ಒಂದು ಸೋಮವಾರ ಆಫೀಸಿಗೆ ರಜೆ ಹಾಕಿ ಬೆಳಿಗ್ಗೆ ಆರಕ್ಕೆ, ಗಲ್ಫ್‌ನಲ್ಲಿ ನಾನಿರುವ ಊರಾದ ರುಸೈಲ್ ಬಿಟ್ಟೆ. ಫುಟ್‌ಬಾಲ್ ನನಗೆ ಅಷ್ಟಕ್ಕಷ್ಟೆ. ಒಂದು ಚೆಂಡಿಗಾಗಿ ಇಪ್ಪತ್ತೆರಡು ಜನ ಬಡಿದಾಡುವುದು ಮೈಸೂರಿನವನಾದ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹೊರಟದ್ದು ಗೆಳೆಯ ಲ್ಯಾನ್ಸಿಗಾಗಿ. ಉಡುಪಿ ಕಡೆಯವನು, ಸಹಮ್‌ನ ಕಾಲೇಜೊಂದರಲ್ಲಿ ಆರು ವರ್ಷದಿಂದ ಸಹಾಯಕ ಫುಟ್‌ಬಾಲ್ ಕೋಚ್. ಬುರೈಮಿಯ ಕಾಲೇಜೊಂದು ಅವನನ್ನು ಮುಖ್ಯ ಕೋಚ್ ಹುದ್ದೆಯ ಸಂದರ್ಶನಕ್ಕೆ ಕರೆದಿತ್ತು. ಅವನ ಕಾರು ಗ್ಯಾರೇಜು ಸೇರಿತ್ತು.

ಎಂಟಕ್ಕೆ ಸಹಮ್ ತಲುಪಿದೆ. ಮಲಬಾರಿಯ ಚಹಾದಂಗಡಿಯಲ್ಲಿ ನಾನು ಎರಡು ಪರೋಟ, ಮೊಟ್ಟೆ ಮುಗಿಸಿದರೂ ಲ್ಯಾನ್ಸಿ ಚಹಾದ ಲೋಟವನ್ನೇ ತಿರುಗಿಸುತ್ತ ಕೂತಿದ್ದ. ಬುರೈಮಿಗೆ ಅಲ್ಲಿಂದ ಒಂದೂವರೆ ಗಂಟೆಯ ದಾರಿ. ಸೊಹಾರ್ ದಾಟಿ ಎಡಕ್ಕೆ ಹೊರಳಿದರೆ ಕಡಲು ಹಿಂದುಳಿದು ಬೋಳುಗುಡ್ಡಗಳು ಶುರು. ಕಿಟಕಿ ಇಳಿಸಿಕೊಂಡು ಹೋಗುವಂಥ ತಂಪು ಹವೆ.

“ಅಲ್ಲಾ ಲ್ಯಾನ್ಸಿ, ಹುಡುಗರು ನಿನ್ನ ಮೇಲೆ ಪ್ರಾಣ ಇಟ್ಕೊಂಡಿದ್ದಾರೆ. ಆರಾಮಾಗಿದ್ದೀಯ. ಬಿಟ್ಟು ಯಾಕೆ ಹೋಗ್ತೀಯ?” ಎಂದೆ.

“ಎಂತ ಮಾಡುದು ಮಾರಾಯ? ಇಲ್ಲಿ ಹೆಡ್ ಕೋಚ್ ಹುಸಾಮ್ ಸರ್ ಇದ್ದಾರೆ. ಅವರು ಹೋಗ್ಲಿ ಅಂತ ನಾನು ಕಾಯ್ಲಿಕ್ಕಾಗ್ತದಾ? ನಮ್ಮ ಕೆಲಸದಲ್ಲಿ ಮೇಲೆ ಹತ್ತಬೇಕಾದ್ರೆ ಕಾಲೇಜು ಬದಲಾಯಿಸ್ಲೇಬೇಕು. ಓಡಿಸುದು, ಕಲಿಸುದು ನಾನು. ಮ್ಯಾಚಿಗೆ ಹನ್ನೊಂದು ಹೆಸರು ಬರೆಯುದು ಅವರು. ಒಮ್ಮೆಯಾದ್ರೂ ಆ ಪಟ್ಟಿ ನಾನು ಬರೀಬೇಕು.”

ಹಿಂದಿನ ಪಂದ್ಯದಲ್ಲಿ ಗೋಲ್‌ಕೀಪರ್ ಸಲೀಮನನ್ನು ಹುಸಾಮ್ ಕೈಬಿಟ್ಟಿದ್ದರಂತೆ. ಮಣಿಕಟ್ಟು ಊದಿತ್ತು, ನಿಜ. ಆದರೆ ಅವನಿಗಿದು ಕಾಲೇಜಿನ ಕೊನೆಯ ವರ್ಷ. ಲ್ಯಾನ್ಸಿ ಅವನ ಪರವಾಗಿ ಜಗಳವಾಡಿ ಎರಡು ದಿನ ಹುಸಾಮ್ ಜೊತೆ ಮಾತು ಬಿಟ್ಟಿದ್ದ. “ನಾನಾಗಿದ್ರೆ ಆಡಿಸ್ತಿದ್ದೆ” ಎಂದು ಗುಡ್ಡ ಮುಗಿಯುವುದರೊಳಗೆ ಮೂರು ಸಲ ಹೇಳಿದ.

ಬುರೈಮಿ ಕಾಲೇಜಿನ ಮೈದಾನದ ಹುಲ್ಲು ನೋಡಿ ನನಗೇ ಓಡಬೇಕೆನ್ನಿಸಿತು. ಅಲ್ಲಿನ ಹುಡುಗರಿಗೆ ಒಂದು ಗಂಟೆ ತರಬೇತಿ ಕೊಡುವುದೇ ಸಂದರ್ಶನ. ಲ್ಯಾನ್ಸಿ “ಯಲ್ಲಾ, ಯಲ್ಲಾ!” ಎಂದು ಅರಬ್ಬಿಯಲ್ಲಿ ಹುರಿದುಂಬಿಸುತ್ತ ಎಲ್ಲರ ಬೆವರಿಳಿಸಿದ. ಮುಗಿದ ಮೇಲೆ ಕ್ರೀಡಾ ವಿಭಾಗದ ಮುಖ್ಯಸ್ಥರು ಖರ್ಜೂರ, ಕಾಫಿ ಇರಿಸಿಕೊಂಡು ಮಾತಿಗೆ ಕಾದಿದ್ದರೆ, ನಮ್ಮವನು ಬಗ್ಗಿ ಬಗ್ಗಿ ತರಬೇತಿಯ ಗುರುತಿಗೆ ಇಟ್ಟಿದ್ದ ಪ್ಲಾಸ್ಟಿಕ್ ಕೋನ್‌ಗಳನ್ನು ಹೆಕ್ಕುತ್ತಿದ್ದ! ಆರು ವರ್ಷದ ಸಹಾಯಕನ ಕೈ, ಸುಮ್ಮನಿರುತ್ತದೆಯೇ? ಕೆಲಸ ಕೆಟ್ಟಿತೆಂದು ನಾನು ಹಣೆ ಚಚ್ಚಿಕೊಂಡೆ.

ಮುಖ್ಯಸ್ಥರು ನಕ್ಕರು. “ಬನ್ನಿ ಕೋಚ್, ಇನ್ನು ಮುಂದೆ ಅದಕ್ಕೆ ನಿಮಗೊಬ್ಬ ಸಹಾಯಕ ಇರುತ್ತಾನೆ” ಎಂದರು. ಕೆಲಸ ಸಿಕ್ಕಿತು. ಮಧ್ಯಾಹ್ನ ಲ್ಯಾನ್ಸಿ ಒಬ್ಬನೇ ಒಂದೂವರೆ ಬಿರಿಯಾನಿ ತಿಂದ. ಅವನ ಸಂತೋಷ ನೋಡಿ ನನಗೂ ಹೊಟ್ಟೆ ತುಂಬಿತು.

ಸಂಜೆ ನಾಲ್ಕೂವರೆಗೆ ಸಹಮ್‌ನ ಮಣ್ಣಿನ ಮೈದಾನಕ್ಕೆ ಮರಳಿದೆವು. ಹುಸಾಮ್ ಈಜಿಪ್ಟಿನವರು, ದೊಡ್ಡ ಮೀಸೆಯ ಮನುಷ್ಯ. ಸುದ್ದಿ ಕೇಳಿ ಲ್ಯಾನ್ಸಿಯನ್ನು ಅಪ್ಪಿಕೊಂಡರು. ಆಮೇಲೆ ಜೇಬಿನಿಂದ ಕಾಗದ, ಪೆನ್ನು ತೆಗೆದು, “ಗುರುವಾರದ ಪಂದ್ಯದ ಪಟ್ಟಿ ನೀನೇ ಬರಿ. ನಾನು ಒಂದಕ್ಷರವನ್ನೂ ತಿದ್ದುವುದಿಲ್ಲ” ಎಂದರು.

ಲ್ಯಾನ್ಸಿ ಹತ್ತು ಹೆಸರನ್ನು ಒಂದೇ ಉಸಿರಿಗೆ ಬರೆದ. ಗೋಲ್‌ಕೀಪರ್ ಹೆಸರಿನ ಜಾಗ ಖಾಲಿ ಉಳಿಯಿತು. ದೂರದಲ್ಲಿ ಸಲೀಮ್ ಬಲ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿಕೊಂಡೇ ಚೆಂಡು ಹಿಡಿಯುತ್ತಿದ್ದ. ಪ್ರತಿ ಸಲವೂ ನೋವಿಗೆ ಮುಖ ಕಿವುಚುತ್ತಿದ್ದ. ಲ್ಯಾನ್ಸಿ ಬಹಳ ಹೊತ್ತು ನೋಡಿದ. ಕೊನೆಗೆ ಅಲ್ಲಿ ಬೇರೊಬ್ಬನ ಹೆಸರು ಬರೆದು, ತಾನೇ ನಡೆದುಹೋಗಿ ಸಲೀಮನಿಗೆ ಹೇಳಿದ.

ಸಲೀಮ್ ಚೆಂಡನ್ನು ಕೆಳಗಿಟ್ಟ. ಆಮೇಲೆ ಕೈಕುಲುಕಲು ಎಡಗೈ ಚಾಚಿದ.

“ಖಲಾಸ್, ಕೋಚ್. ಇನ್ನು ನೀವು ಬುರೈಮಿಗೆ ಹೋಗಬಹುದು.”

ನಾನು ಕಾರು ತಿರುಗಿಸಿ ಕನ್ನಡಿಯಲ್ಲಿ ನೋಡಿದೆ. ಲ್ಯಾನ್ಸಿ, ಸಲೀಮ್ ಇಬ್ಬರೂ ಬಗ್ಗಿ ಕೋನ್ ಹೆಕ್ಕುತ್ತಿದ್ದರು.