ಶೂರಪ್ಪನ ನಾಟಕ ನೋಡಿದ ಬೋರಯ್ಯ

ಕೆ. ಹೊಸಕೋಟೆ ಸುತ್ತಿನಲ್ಲಿ ಬರೀ ಬೋರಯ್ಯ ಎಂದರೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ, ಆನೆ ಬೋರಯ್ಯ ಎನ್ನಬೇಕು. ಮನುಷ್ಯ ಕಾಫಿ ಎಸ್ಟೇಟಿನ ರೈಟರ್. ಆಳುಗಳ ಹಾಜರಿ ಹಾಕುವುದು, ಹಣ್ಣು ತೂಗಿಸುವುದು, ಧಣಿ ಬಂದಾಗ ತಲೆ ಕೆರೆದುಕೊಂಡು ನಿಲ್ಲುವುದು, ಇಷ್ಟೇ ಅವನ ಬದುಕಾಗಿತ್ತು. ಅಂಥವನು ಬೆಳಗಾಗುವುದರೊಳಗೆ ಧೀರನಾಗಿಬಿಟ್ಟ.

ಆದದ್ದಿಷ್ಟು. ಕಾಫಿ ಕುಯ್ಲಿನ ಕಾಲದಲ್ಲಿ ಒಂಟಿ ಸಲಗವೊಂದು ನಸುಕಿಗೆ ಕಣಕ್ಕೆ ನುಗ್ಗಿತು. ಲೈನಿನ, ಅಂದರೆ ಆಳುಗಳ ಸಾಲುಮನೆಗಳ ಜನ ಬಾಗಿಲು ಹಾಕಿಕೊಂಡು ಕೂತರು. ಬೆಳಕು ಹರಿದ ಮೇಲೆ ಬಂದು ನೋಡಿದರೆ ಆನೆಯಿಲ್ಲ. ಕಣದ ನಡುವೆ ಬೋರಯ್ಯ ತಲೆಯಿಂದ ಕಾಲವರೆಗೆ ತೊಯ್ದು ನಿಂತಿದ್ದಾನೆ, ಪಕ್ಕದಲ್ಲೊಂದು ಬಕೆಟ್ಟು ಉರುಳಿದೆ.

"ನೀರು ಎರಚಿ ಓಡಿಸ್ಬುಟ್ಟವ್ನೆ ಕಣ್ರೋ!" ಎಂದು ಯಾರೋ ಕೂಗಿದರು.

ನಮ್ಮ ಜನಕ್ಕೆ ಕತೆ ಕಟ್ಟುವುದನ್ನು ಹೇಳಿಕೊಡಬೇಕೇ? ಮಧ್ಯಾಹ್ನದ ಹೊತ್ತಿಗೆ ಅವನು ಸೊಂಡಿಲು ಹಿಡಿದು ತಿರುಗಿಸಿದ್ದ ಎಂಬಲ್ಲಿಗೆ ಬಂದಿತ್ತು. ಬೋರಯ್ಯ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಹಲ್ಲು ಕಟಕಟ ಎನ್ನುವಾಗ ಮಾತು ಎಲ್ಲಿಂದ ಬಂದೀತು? ಜನವರಿ ಇಪ್ಪತ್ತಾರಕ್ಕೆ ಶಾಲೆಯಲ್ಲಿ ಶಾಲು ಹೊದಿಸಿದರು. ಆಮೇಲೆ ಬಾಯಿ ಬಿಡುವ ದಾರಿಯೇ ಮುಚ್ಚಿಹೋಯಿತು.

ನಿಜ ಗೊತ್ತಿದ್ದದ್ದು ಹೆಂಡತಿ ಗಂಗಾಮಣಿಗೆ ಮಾತ್ರ. ಆನೆ ಘೀಳಿಟ್ಟಾಗ ಅವನು ಹಣ್ಣು ತೊಳೆಯುವ ತೊಟ್ಟಿಗೆ ಹಾರಿಕೊಂಡಿದ್ದ. ಕೊಳೆತ ಸಿಪ್ಪೆಯ ನೀರಿನಲ್ಲಿ ಮೂಗಿನವರೆಗೆ ಮುಳುಗಿ, "ತಂದೆ ಗಣಪ್ಪ, ನಿನ್ ದಾರಿ ನಿಂಗೆ" ಎಂದು ಬೇಡಿಕೊಳ್ಳುತ್ತ ಕೂತಿದ್ದ. ಆನೆ ಬಾಳೆ ಮುರಿದು ತಿಂದು ತಾನಾಗಿಯೇ ಹೋಗಿತ್ತು. ಅವನು ಹೇಡಿಯಾಗಿ ಹುಟ್ಟಿದವನಲ್ಲ. ಹಿಂದಿನ ಬೇಸಿಗೆಯಲ್ಲಿ ಗಿಡಕ್ಕೆ ನೀರು ಹಾಯಿಸಲು ಪಂಪಿನ ಮನೆಗೆ ಹೋದ ಗೆಳೆಯ ಶಾಂತಮಲ್ಲಪ್ಪನನ್ನು ಆನೆ ತುಳಿದಿತ್ತು. ಕಂಬಳಿಯಲ್ಲಿ ಎತ್ತಿ ತಂದವರಲ್ಲಿ ಬೋರಯ್ಯನೂ ಒಬ್ಬ. ಆ ಕಂಬಳಿ ಎಷ್ಟು ಹಗುರಾಗಿತ್ತು ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಒಂದು ರಾತ್ರಿ ಎಲ್ಲವನ್ನೂ ಗಂಗಾಮಣಿಯ ಮಡಿಲಲ್ಲಿ ಮುಖವಿಟ್ಟು ಹೇಳಿಕೊಂಡ, ಹೇಳಿಕೊಂಡು ಅತ್ತ.

"ನನ್ ಹೊಟ್ಟೇಲೇ ಇರ್ತದೆ ಬುಡಿ," ಎಂದು ಅವಳು ತಲೆ ಸವರಿದಳು. ಆವತ್ತು ಅವನಿಗೆ ಒಳ್ಳೆಯ ನಿದ್ದೆ ಬಂತು.

ಗಂಗಾಮಣಿ ಮೊದಲಿನಿಂದಲೂ ಅಣಕಿಸುವುದರಲ್ಲಿ ಗಟ್ಟಿಗಿತ್ತಿ. ಹೈಸ್ಕೂಲು ಮೇಷ್ಟ್ರು ಯೋಗಾನಂದ ನಾಟಕದ ತಂಡ ಕಟ್ಟಿದಾಗ ಮೊದಲು ಕರೆದದ್ದು ಅವಳನ್ನೇ. "ಹೆಂಡ್ತೀನ ಬಣ್ಣ ಹಚ್ಚೋಕೆ ಬುಟ್ಟವ್ನೆ" ಎಂದು ಆಡಿಕೊಂಡವರು ಬೇಕಾದಷ್ಟು ಜನ. ಬೋರಯ್ಯ ಕಿವಿಗೆ ಹಾಕಿಕೊಳ್ಳಲಿಲ್ಲ. ಧಣಿಯ ಕೈಕಾಲು ಹಿಡಿದು ಎಸ್ಟೇಟಿನ ಹಳೇ ಸ್ಟೋರನ್ನು ತಾಲೀಮಿಗೆ ಕೊಡಿಸಿದ.

ಈ ಕಡೆ ಸಂಜೆ ಹೊತ್ತು ನಾಲ್ಕು ಜನ ಸೇರಿದರೆ ಒಬ್ಬ ಹೊರಗೆ ಕಾವಲು ನಿಲ್ಲಲೇಬೇಕು. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯಿಂದ ಫೋನಿಗೆ ಬರುವ ಸಂದೇಶ ನೋಡಿಕೊಂಡು, ತೋಟದ ಕಡೆ ಕಿವಿ ಕೊಟ್ಟುಕೊಂಡಿರಬೇಕು.

"ಆನೆ ಓಡ್ಸಿದ ಧೀರನೇ ಇರೋವಾಗ ಇನ್ನೊಬ್ಬ ಯಾಕೆ ಮಾರಾಯ?" ಎಂದು ಮೇಷ್ಟ್ರು ನಕ್ಕರು.

ಶಾಲು ಹೊದ್ದವನು ಒಲ್ಲೆ ಎನ್ನುವುದು ಹೇಗೆ? ತಾಲೀಮು ನಡೆದಷ್ಟು ಸಂಜೆಯೂ ಬೋರಯ್ಯ ಟಾರ್ಚು ಹಿಡಿದು ಹೊರಗೆ ನಿಂತ. ಎಲೆ ಅಲುಗಿದರೂ ಬಾಗಿಲಿಗೆ ಬೆನ್ನು ಒತ್ತಿ ನಿಲ್ಲುತ್ತಿದ್ದ. ಒಳಗಿನಿಂದ ನಗು ಕೇಳಿದಾಗ ಮಾತ್ರ ಸ್ವಲ್ಪ ಧೈರ್ಯ. ಅದು ಯಾವುದಕ್ಕೆ ಬಂದ ನಗು ಎಂದು ಕೆದಕುವಷ್ಟು ಅನುಮಾನದ ಪ್ರಾಣಿ ಅವನಾಗಿರಲಿಲ್ಲ.

"ಎಂಥ ನಾಟಕ?" ಎಂದು ಒಮ್ಮೆ ಕೇಳಿದ್ದುಂಟು.

"ನಿಮ್ಮಂಗೇ ಒಬ್ಬ ರೈಟರ್ ಕತೆ ಕಣ್ರೀ. ಶೂರಪ್ಪನ ಸಾಹಸ ಅಂತ. ಆವತ್ತೇ ನೋಡೀರಂತೆ," ಎಂದಳು ಗಂಗಾಮಣಿ. ಮಾತಾಡುವಾಗ ಅವಳು ಒಲೆಯ ಕಡೆ ತಿರುಗಿದ್ದಳು.

ಮೈಸೂರಿನಲ್ಲಿ ನಡೆದ ಹಾಸ್ಯ ನಾಟಕ ಸ್ಪರ್ಧೆಯಲ್ಲಿ ಶೂರಪ್ಪನ ಸಾಹಸಕ್ಕೆ ಮೊದಲ ಬಹುಮಾನ ಬಂತು, ಗಂಗಾಮಣಿಗೆ ಉತ್ತಮ ನಟಿ ಪ್ರಶಸ್ತಿ. ಎಸ್ಟೇಟಿನ ಕೆಲಸ ಬಿಟ್ಟು ಬೋರಯ್ಯನಿಗೆ ಹೋಗಲಾಗಿರಲಿಲ್ಲ. ಆದರೂ ಲೈನಿನ ಮನೆಮನೆಗೂ ಕೊಬ್ಬರಿ ಮಿಠಾಯಿ ಹಂಚಿಸಿದ. ಪೇಪರಿನಲ್ಲಿ ಬಂದ ಹೆಂಡತಿಯ ಫೋಟೋವನ್ನು ಕತ್ತರಿಸಿ ದೇವರ ಗೂಡಿನ ಪಕ್ಕ ಅಂಟಿಸಿದ.

ಗೆದ್ದ ನಾಟಕವನ್ನು ಊರಿನವರು ನೋಡಬೇಡವೇ? ಸಕಲೇಶಪುರದಲ್ಲಿ ಚಾಂದ್ ಪಾಷಾ ಎಂಬ ಕಾಫಿ ವ್ಯಾಪಾರಿ ತಮ್ಮ ಹಳೇ ಗೋದಾಮಿಗೆ ನೂರು ಕುರ್ಚಿ ಹಾಕಿಸಿ, ಗೋಣಿತಾಟಿನ ಪರದೆ ಕಟ್ಟಿ, ಪುಟ್ಟ ರಂಗಮನೆ ಮಾಡಿದ್ದರು. ಕತ್ತಲಾಗುವುದರೊಳಗೆ ಜನ ಮನೆ ಸೇರಲಿ ಎಂದು ಭಾನುವಾರ ಮಧ್ಯಾಹ್ನವೇ ಆಟ. ಬೋರಯ್ಯನಿಗೆ ಮುಂದಿನ ಸಾಲಿನಲ್ಲೇ ಜಾಗ ಸಿಕ್ಕಿತು. ಶಾಲನ್ನು ಇಸ್ತ್ರಿ ಮಾಡಿಸಿ ಹೊದ್ದು ಬಂದಿದ್ದ.

ಪರದೆ ಸರಿಯಿತು. ನೀಲಿ ಟಾರ್ಪಾಲಿನ ತೊಟ್ಟಿ ಕಂಡಾಗಲೂ ಅವನಿಗೆ ಹೊಳೆಯಲಿಲ್ಲ. ಶೂರಪ್ಪ ಅದರೊಳಗೆ ಧುಮುಕಿ ಮೂಗು ಮಾತ್ರ ಹೊರಗಿಟ್ಟು, "ತಂದೆ ಗಣಪ್ಪ, ನಿನ್ ದಾರಿ ನಿಂಗೆ" ಎಂದಾಗ ಗೋದಾಮಿನ ತಗಡು ಹಾರುವ ಹಾಗೆ ಜನ ನಕ್ಕರು. ಬೋರಯ್ಯ ಹೆಗಲ ಶಾಲನ್ನು ಬಿಗಿಯಾಗಿ ಎಳೆದುಕೊಂಡ.

ಹೆಂಡತಿಯ ಪಾತ್ರದಲ್ಲಿ ಗಂಗಾಮಣಿ ಮೂಗು ಹಿಡಿದುಕೊಂಡು ಬಂದಳು. "ಮೂರ್ ಸೋಪ್ ತಿಕ್ಕಿದೆ ಕಣ್ರವ್ವಾ, ಸಿಪ್ಪೆ ವಾಸ್ನೆ ಹೋಯ್ತು, ಶೂರತನ ಹೋಗ್ಲಿಲ್ಲ!" ಜನ ಕುರ್ಚಿ ಗುದ್ದಿದರು. ಆಮೇಲೆ ಶೂರಪ್ಪ ಅವಳ ಮಡಿಲಲ್ಲಿ ಮುಖವಿಟ್ಟು ಗೊಳೋ ಎಂದು ಅತ್ತ. ಅವಳು ಅವನ ತಲೆ ಸವರುತ್ತ ಜನರ ಕಡೆ ಕಣ್ಣು ಹೊಡೆದಳು. ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುತ್ತಾರಲ್ಲ, ಅದನ್ನು ಬೋರಯ್ಯ ಮುಂದಿನ ಸಾಲಿನಲ್ಲಿ ಕೂತು ನೋಡಿದ.

ಆದರೂ ಅವನು ಕಾದ. ಈಗ ಶಾಂತಮಲ್ಲಪ್ಪ ಬರುತ್ತಾನೆ, ಈಗ ಕಂಬಳಿ ಬರುತ್ತದೆ, ಆಗ ಜನರ ಬಾಯಿ ಮುಚ್ಚುತ್ತದೆ, ಈ ಮನುಷ್ಯ ಯಾಕೆ ತೊಟ್ಟಿಗೆ ಹಾರಿದ ಎಂದು ಅವರಿಗೂ ತಿಳಿಯುತ್ತದೆ. ಗಂಡನ ಮಾನ ಉಳಿಸುವ ಮಾತು ಅವಳ ಬಾಯಿಂದಲೇ ಬರುತ್ತದೆ. ಕಣ್ಣು ಮಿಟುಕಿಸದೆ ಕಾದ. ಶೂರಪ್ಪ ಅವಳ ಮಡಿಲಿನಿಂದೆದ್ದು ಶಾಲು ಹೊದಿಸಿಕೊಂಡ, ಪರದೆ ಬಿತ್ತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಾಂತಮಲ್ಲಪ್ಪ ಬರಲೇ ಇಲ್ಲ.

ಹಿಂದಿನ ಸಾಲಿನವನೊಬ್ಬ ಬೋರಯ್ಯನ ಭುಜ ತಟ್ಟಿ, "ಏನಣ್ಣ, ನೀರು ಎರಚಿದ್ದಾ, ಇಲ್ಲಾ ನೀರಲ್ಲಿ ಕೂತಿದ್ದಾ?" ಎಂದ. ಬೋರಯ್ಯ ನಕ್ಕ, ಜೋರಾಗಿಯೇ ನಕ್ಕ. ಮೇಷ್ಟ್ರು ಅವನನ್ನು ವೇದಿಕೆಗೆ ಎಳೆದುಕೊಂಡು ಹೋಗಿ, "ಇವ್ರು ನಮ್ಮ ನಿಜವಾದ ಧೀರ" ಎಂದು ಹಾರ ಹಾಕಿದರು. ಜನ ಇನ್ನೊಮ್ಮೆ ನಕ್ಕರು. ಬೋರಯ್ಯ ಕೈ ಮುಗಿದು ಕೆಳಗಿಳಿದ.

ಊರಿಗೆ ಮರಳುವ ಆಲೂರು ಕಡೆಯ ಬಸ್ಸಿನಲ್ಲಿ ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕೂತರು. ಗಂಗಾಮಣಿಯ ಕೆನ್ನೆಯಲ್ಲಿ ಇನ್ನೂ ಬಣ್ಣವಿತ್ತು. ಬಸ್ಸು ಹೊರಟ ಮೇಲೆ ಅವಳೇ ಬಾಯಿ ತೆರೆದಳು.

"ಹೆಸರು ಬ್ಯಾರೆ ಮಡಗಿದೀವಿ ಕಣ್ರೀ. ಯಾರಿಗ್ ಗೊತ್ತಾಗ್ತದೆ? ನೀವೂ ನಗ್ತಿದ್ರಲ್ಲ."

"ನಗದೆ ಇದ್ದಿದ್ರೆ ನಾನೇ ಅಂತ ಗೊತ್ತಾಗ್ಬುಡ್ತಿತ್ತಲ್ಲೇ," ಎಂದ ಬೋರಯ್ಯ.

ಅವಳು ಸೆರಗಿನ ತುದಿಯಿಂದ ಕೆನ್ನೆ ಒರೆಸಿಕೊಳ್ಳತೊಡಗಿದಳು. ಬೋರಯ್ಯನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದೆಯಲ್ಲಿ ಒಂದೇ ಒಂದು ಆಸೆ ಉಳಿದಿತ್ತು. ತೊಟ್ಟಿಯ ಮಾತು ನಾಲಿಗೆ ಜಾರಿ ಆಚೆ ಬಂದಿರಬಹುದು, ನಗುವಿನ ಮಾತು, ಹೋಗಲಿ. ಗೆಳೆಯನ ಸಾವನ್ನಾದರೂ ಇವಳು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಾಳೆ, ಅದಕ್ಕೇ ನಾಟಕದಲ್ಲಿ ಅದು ಬರಲಿಲ್ಲ ಎಂದುಕೊಂಡ. ಅಷ್ಟಾದರೆ ಇವಳ ಜೊತೆ ಹಿಂದಿನಂತೆಯೇ ಬಾಳಬಹುದು ಎನ್ನಿಸಿತು.

"ಶಾಂತಮಲ್ಲಪ್ಪನ್ ಸುದ್ದಿ ನಾಟಕದಲ್ಲಿ ಇರ್ಲಿಲ್ವಲ್ಲ," ಎಂದ, ಮೆಲ್ಲಗೆ.

"ಇತ್ತು ಕಣ್ರೀ," ಎಂದಳು ಗಂಗಾಮಣಿ. "ಒಂದ್ ವಾರ ತಾಲೀಮಲ್ಲಿ ಅದ್ನೂ ಆಡ್ಸಿ ನೋಡಿದ್ರು. ಕಂಬಳಿ ಬಂದ್ರೆ ಜನ ನಗಲ್ಲ ಅಂತ ಮೇಷ್ಟ್ರೇ ತೆಗ್ದಾಕಿದ್ರು."