ಸೀತಮ್ಮನವರು ಹಂಚುತ್ತಿದ್ದ ಸೊಪ್ಪು

ದಿಲ್ಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಕೆಳಮನೆಯ ಸೀತಮ್ಮನವರ ಮೇಲೆ ನನಗೆ ಒಂಬತ್ತು ವರ್ಷ ಅನುಮಾನವಿತ್ತು. ಮಂಡ್ಯದ ಕಡೆಯವರು, ಮಗ ಸರ್ಕಾರಿ ಗುಮಾಸ್ತ. ಬೆಳಗಾದರೆ ಸೆರಗು ಸಿಕ್ಕಿಸಿ ಪಾರ್ಕಿನ ಬೇಲಿಗುಂಟ ಅಲೆದು ನುಗ್ಗೆಸೊಪ್ಪು, ಹೊನಗೊನ್ನೆ, ಮಳೆಗಾಲದಲ್ಲಿ ರಸ್ತೆಬದಿಯ ನೇರಳೆ ಆರಿಸಿ ತರುತ್ತಿದ್ದರು. ತಂದದ್ದನ್ನು ನಮ್ಮ ಮೆಟ್ಟಿಲು ಹತ್ತಿಳಿಯುವ ಎಲ್ಲ ಮನೆಗೂ ಬಟ್ಟಲಲ್ಲಿ ಹಂಚುತ್ತಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ. ಕೇಳದೆ ಕೊಡುವವರು ಮುಂದೆ ಏನೋ ಕೇಳುವುದಕ್ಕೇ ಕೊಡುತ್ತಾರೆ ಎಂಬುದು ಸೆಕ್ಷನ್ ಆಫೀಸರನಾದ ನನ್ನ ಅನುಭವ. ಮಗನಿಗೆ ಪ್ರಮೋಷನ್ ಬೇಕಿರಬಹುದೇ?

"ಬಟ್ಟಲು ಇವತ್ತೇ ವಾಪಸ್ ಹೋಗಲಿ, ಖಾಲಿ ಬೇಡ," ಎಂದು ಹೆಂಡತಿ ವಸಂತಿಗೆ ತಾಕೀತು ಮಾಡಿದ್ದೆ. ಸೊಪ್ಪು ಬಂದ ಸಂಜೆಯೇ ಸಕ್ಕರೆಯೋ ಬಾಳೆಹಣ್ಣೋ ಕೆಳಗೆ ಹೋಗುತ್ತಿತ್ತು. ಕೂತು ಮಾತಾಡಲು ಅವಳನ್ನು ಬಿಡುತ್ತಿರಲಿಲ್ಲ. ಹಂಗು ಬೆಳೆಯುವುದೇ ಮಾತಿನಲ್ಲಿ.

ಮಾನವಶಾಸ್ತ್ರ ಓದುತ್ತಿದ್ದ ಮಗಳು ಪ್ರಕೃತಿ ನಗುತ್ತಿದ್ದಳು. "ಪಪ್ಪಾ, ಬೇಟೆ ಆಡಿ, ಗೆಡ್ಡೆ ಅಗೆದು ಬದುಕೋ ಜನಾನೂ ಹಂಚ್ತಾರೆ. ದೊಡ್ಡ ಜಿಂಕೆ ಸಿಕ್ರೆ ಒಬ್ನೇ ತಿನ್ನಕ್ಕಾಗಲ್ಲ, ಇಟ್ರೆ ಕೊಳೆಯತ್ತೆ. ನಾಳೆ ಅವನಿಗೆ ಸಿಗದೇ ಇದ್ರೆ? ತಬ್ ದೂಸ್ರಾ ದೇಗಾ, ಇನ್ನೊಬ್ಬ ಕೊಡ್ತಾನೆ. ಹಂಗೆ ಹಂಚ್ಕೊಂಡೋರೇ ಉಳಿದ್ರು."

"ಅಚ್ಛಾ, ಹಾಗಾದ್ರೆ ಲಾಭಕ್ಕೇ ಅನ್ನು!" ಎಂದೆ. ಅವಳು ಇನ್ನೂ ಏನೋ ಹೇಳಿದಳು, ನನಗೆ ಅಷ್ಟೇ ಸಾಕಾಗಿತ್ತು.

ಎರಡು ಸಾವಿರದ ಆರರಲ್ಲಿ ದಿಲ್ಲಿಗೆ ಚಿಕೂನ್‌ಗುನ್ಯಾ ಬಂತು. ಪ್ರಕೃತಿ ಕಾಲೇಜಿನವರ ಜೊತೆ ಛತ್ತೀಸಗಢಕ್ಕೆ ಹೋಗಿದ್ದಳು. ವಸಂತಿ ಹಾಸಿಗೆ ಹಿಡಿದಳು. ನಾನು ಮಾಡಿದ ಅನ್ನ ಒಂದು ದಿನ ಅಂಟು, ಒಂದು ದಿನ ಕಲ್ಲು. ಹೋಟೆಲಿನದು ಅವಳ ಗಂಟಲಲ್ಲಿ ಇಳಿಯದು. ಎದುರುಮನೆಯ ಈಶ್ವರಪ್ಪನಿಗೂ ಅದೇ ಜ್ವರ, ಅವನ ಬಾಗಿಲಿಗೆ ಮಾತ್ರ ಮೂರು ಹೊತ್ತೂ ಯಾರಾದರೊಬ್ಬರು ಸಾರು ತರುತ್ತಿದ್ದರು. ನಮ್ಮ ಬಾಗಿಲು ಯಾರೂ ತಟ್ಟಲಿಲ್ಲ. ಸೀತಮ್ಮನವರ ಬಣ್ಣ ಬಯಲಾಯಿತು ಎಂದುಕೊಂಡೆ. ಐದನೆಯ ದಿನ ವಸಂತಿಗೆ ಎದ್ದು ಕೂರಲೂ ಆಗಲಿಲ್ಲ. ಹೆದರಿಕೆಯಾಗಿ ಕೆಳಗಿಳಿದೆ.

"ವಸಂತಿ ಊಟ ಬಿಟ್ಟಿದ್ದಾಳೆ," ಎಂದೆ. ಜೊತೆಗೆ ನಾಲಿಗೆ ತಡೆಯಲಿಲ್ಲ: "ನಿಮಗ್ಯಾರಿಗೂ ಗೊತ್ತಿರಲಿಲ್ವಾ?"

"ಜ್ವರ ಅಂತ ಗೊತ್ತಿತ್ತು," ಎಂದರು ಸೀತಮ್ಮ. "ಆದ್ರೆ ನೀವು ಕೊಟ್ಟಿದ್ದನ್ನ ಅಂದಂದೇ ತೀರಿಸಿಬಿಡೋರು. ಹಂಗು ಬೇಡ ಅನ್ನೋರ ಬಾಗಿಲಿಗೆ ಹೆಂಗ್ ಬರೋದು ಸಾರ್?"

ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ಅವರು ಒಲೆ ಹೊತ್ತಿಸಿಯಾಗಿತ್ತು. ಬಿಸಿ ಗಂಜಿ ಹಿಡಿದು ತಾವೇ ಮೇಲೆ ಬಂದು, ಮಂಚದ ಮೇಲೆ ಕೂತು, ಚಮಚದಲ್ಲಿ ಕುಡಿಸತೊಡಗಿದರು. ಎರಡು ಗುಟುಕಿಗೆ ವಸಂತಿ ಅಳಲು ಶುರು ಮಾಡಿದಳು.

"ಕೀಲು ನೋಯ್ತಿದೆಯಾ?" ಎಂದೆ.

"ಇಲ್ಲಾರಿ," ಎಂದಳು. "ದಿಲ್ಲಿಗೆ ಬಂದ ಮೇಲೆ ನನ್ನ ಹತ್ರ ಒಬ್ರು ಬಂದು ಕೂತಿದ್ದು ಇವತ್ತೇ."