ಗಿಳಿಹಸಿರು ಸೀರೆಯ ಫೋಟೋ

ಹೈದರಾಬಾದಿನ ಸುಲ್ತಾನ್ ಬಜಾರಿನ ಒಂದು ಕಲರ್ ಲ್ಯಾಬಿನಲ್ಲಿ ನಾನು ಹದಿನೆಂಟು ವರ್ಷ ಕೆಲಸ ಮಾಡಿದೆ. ಮಷಿನ್ನಿನಿಂದ ಹೊರಬಂದ ಪ್ರಿಂಟುಗಳನ್ನು ಒಂದೊಂದಾಗಿ ನೋಡಿ ಬಣ್ಣ ಸರಿಯಿದೆಯೋ ಇಲ್ಲವೋ ಹೇಳುವುದು ನನ್ನ ಕೆಲಸ. ಮದುಮಗಳ ಕೆನ್ನೆಯಲ್ಲಿ ಕೆಂಪು ಒಂದು ಎಳೆ ಹೆಚ್ಚಾಗಿದ್ದರೂ ನನಗೆ ತಿಳಿಯುತ್ತಿತ್ತು. ಬಂದ ಗಿರಾಕಿಗಳ ಮುಂದೆ ಮಾಲೀಕರು ಇವರ ಕಣ್ಣೇ ನಮ್ಮ ಲ್ಯಾಬು ಎನ್ನುತ್ತಿದ್ದರು. ಅದನ್ನು ಕೇಳಿ ಕೇಳಿ ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು. ಜನ ಫೋಟೋ ತೊಳೆಸುವುದನ್ನು ಬಿಟ್ಟು ಫೋನಿನಲ್ಲೇ ನೋಡಿ ಮುಗಿಸತೊಡಗಿದ ಮೇಲೆ ಲ್ಯಾಬು ಮುಚ್ಚಿತು. ಪರಿಚಯದವರೊಬ್ಬರು ಹೇಳಿದರೆಂದು ನಾಚಾರಂ ಹತ್ತಿರದ ಒಂದು ತರಬೇತಿ ಕೇಂದ್ರದಲ್ಲಿ ಫೋಟೋಗ್ರಫಿ ಕಲಿಸಲು ಸೇರಿಕೊಂಡೆ. ಆಗ ನನಗೆ ನಲವತ್ತೇಳು.

ಅಲ್ಲಿಗೆ ಬರುವವರೆಲ್ಲ ಹದಿನೆಂಟರಿಂದ ಇಪ್ಪತ್ತೈದರೊಳಗಿನವರು. ಕೋರ್ಸು ಹತ್ತು ತಿಂಗಳದ್ದು, ಮುಗಿಯುವ ಹೊತ್ತಿಗೆ ಅವರ ಕೈಗೊಂದು ಕೆಲಸ ಹತ್ತಬೇಕು. ಅರ್ಧ ಜನಕ್ಕೆ ಮದುವೆ ಫೋಟೋ ತೆಗೆಯುವ ಆಸೆ, ಉಳಿದವರಿಗೆ ಮಾದಾಪುರದ ಯಾವುದಾದರೂ ಸ್ಟುಡಿಯೋ ಸೇರುವ ಆಸೆ. ಪಾಠ ತೆಲುಗಿನಲ್ಲಿ ಶುರುವಾಗಿ ಹಿಂದಿಗೆ ಹೊರಳಿ ಮತ್ತೆ ತೆಲುಗಿಗೆ ಬರುತ್ತಿತ್ತು. ಮನೆಯಲ್ಲಿ ಕನ್ನಡ ಆಡುವವಳು ಅಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ. ನಾನು ಸೇರಿದ ಎರಡನೇ ವರ್ಷ ಬಂದ ತಂಡದಲ್ಲಿ ಒಬ್ಬ ಹುಡುಗ, ನಾನು ಫೋನಿನಲ್ಲಿ ನನ್ನ ತಾಯಿಯ ಜೊತೆ ಮಾತಾಡುವುದನ್ನು ಕೇಳಿಸಿಕೊಂಡು, ಮರುದಿನ ಹಾಜರಿ ಕರೆದಾಗ ‘ಬಂದೀನ್ರಿ ಮೇಡಂ’ ಅಂದ. ಇಪ್ಪತ್ತೊಂದು ವರ್ಷದವನು. ಅವನ ತಂದೆ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಟರ್ನರ್, ಲೇತ್ ಯಂತ್ರದ ಮೇಲೆ ಕೆಲಸ. ರಾಯಚೂರು ಕಡೆಯವರು.

ಮೊದಲ ತಿಂಗಳು ನಾನು ಕ್ಯಾಮೆರಾವನ್ನು ಕಪ್ಪು ಬಿಳುಪಿಗೆ ಇಟ್ಟೇ ಕಲಿಸುತ್ತೇನೆ. ಬಿಳಿ ಹಾಳೆಯ ಮೇಲೆ ಬಿಳಿ ಮೊಟ್ಟೆ ಇಟ್ಟು ಎರಡೂ ಬೇರೆಬೇರೆಯಾಗಿ ಕಾಣುವ ಹಾಗೆ ಫೋಟೋ ತೆಗೆಯಿರಿ ಎನ್ನುತ್ತೇನೆ. ಹೆಚ್ಚಿನವರ ಫೋಟೋದಲ್ಲಿ ಮೊಟ್ಟೆ ಹಾಳೆಯೊಳಗೆ ಕರಗಿಹೋಗುತ್ತದೆ. ಈ ಹುಡುಗ ಕಿಟಕಿಯ ಒಂದು ರೆಕ್ಕೆ ಮುಚ್ಚಿ, ತನ್ನ ಕಪ್ಪು ಬ್ಯಾಗನ್ನು ಪಕ್ಕಕ್ಕೆ ನಿಲ್ಲಿಸಿ ತೆಗೆದಿದ್ದ. ಮೊಟ್ಟೆಯ ಮೈಮೇಲಿನ ಸಣ್ಣ ಸಣ್ಣ ತೂತುಗಳೂ ಕಾಣುತ್ತಿದ್ದವು. ನಾನು ಆ ಫೋಟೋವನ್ನು ಗೋಡೆಗೆ ಹಚ್ಚಿದೆ.

ಎರಡನೇ ತಿಂಗಳು ಬಣ್ಣದ ಪಾಠ ಶುರುವಾಯಿತು, ಅವನು ಕೆಡತೊಡಗಿದ. ಚೌಕಟ್ಟು ಸರಿ, ಬೆಳಕು ಸರಿ, ಬಣ್ಣ ಮಾತ್ರ ಎಲ್ಲೆಲ್ಲೋ. ಮನುಷ್ಯರ ಮುಖ ಒಮ್ಮೆ ಹಸಿರು ತಿರುಗಿರುತ್ತಿತ್ತು, ಇನ್ನೊಮ್ಮೆ ಜ್ವರ ಬಂದವರ ಹಾಗೆ ಕೆಂಪು. ಕಂಪ್ಯೂಟರಿನಲ್ಲಿ ತಾನೇ ಏನೇನೋ ಎಳೆದಾಡಿ ಇನ್ನಷ್ಟು ಕೆಡಿಸಿ ತರುತ್ತಿದ್ದ. ಗಮನ ಕೊಡುತ್ತಿಲ್ಲ ಎಂದು ನಾನು ತೀರ್ಮಾನಿಸಿದೆ. ಹುಷಾರಿರುವವರು ಸೋಮಾರಿಯಾದರೆ ನನಗೆ ದಡ್ಡರಿಗಿಂತ ಹೆಚ್ಚು ಸಿಟ್ಟು ಬರುತ್ತದೆ.

ಐದನೇ ತಿಂಗಳಲ್ಲಿ ಸುಲ್ತಾನ್ ಬಜಾರಿನ ಒಂದು ಸೀರೆ ಅಂಗಡಿಯವರು, ಲ್ಯಾಬಿನ ಕಾಲದಿಂದ ಪರಿಚಯದವರು, ತಮ್ಮ ಸೀರೆಗಳ ಫೋಟೋಗಳನ್ನು ಆನ್‌ಲೈನಿಗೆ ಹಾಕಬೇಕೆಂದರು. ಹುಡುಗರಿಗೆ ನಿಜವಾದ ಕೆಲಸದ ಅನುಭವವಾಗಲಿ ಎಂದು ಆರು ಜನರನ್ನು ಕರೆದೊಯ್ದೆ. ಅಂಗಡಿಯ ಮಾಳಿಗೆಯಲ್ಲಿ ಎರಡು ದಿನ ಫೋಟೋ ತೆಗೆದೆವು. ಆರಿಸಿದ ಚಿತ್ರಗಳನ್ನು ಆರು ಪಾಲು ಮಾಡಿ, ಅವರವರ ಪಾಲನ್ನು ಅವರವರೇ ತಿದ್ದಿ ಕೊಡಬೇಕೆಂದೆ. ಆ ವಾರ ನನ್ನ ತಾಯಿಗೆ ಆರೋಗ್ಯ ಸರಿಯಿರಲಿಲ್ಲ, ನಾನು ಎಲ್ಲವನ್ನೂ ಮತ್ತೊಮ್ಮೆ ನೋಡದೆ ಕಳಿಸಿಬಿಟ್ಟೆ. ಆ ತಪ್ಪು ನನ್ನದೇ.

ಹದಿನೈದು ದಿನದ ಮೇಲೆ ಅಂಗಡಿಯವರ ಫೋನು ಬಂತು. ಮೂವರು ಗಿರಾಕಿಗಳು ಸೀರೆ ವಾಪಸು ಕಳಿಸಿದ್ದರು. ಗಿಳಿಹಸಿರು ಸೀರೆ ಫೋಟೋದಲ್ಲಿ ಕೆಸರಿನ ಬಣ್ಣದ್ದಾಗಿತ್ತು. ಆ ಬಣ್ಣವೇ ಬೇಕೆಂದು ತರಿಸಿಕೊಂಡ ಒಬ್ಬ ಹೆಂಗಸು, ಡಬ್ಬಿ ಬಿಚ್ಚಿದರೆ ಒಳಗೆ ಹಸಿರು ಇತ್ತೆಂದು ಜಗಳವಾಡಿದ್ದಳಂತೆ. ಮೂರೂ ಆ ಹುಡುಗ ತಿದ್ದಿದ ಫೋಟೋಗಳು.

ಮರುದಿನ ಕ್ಲಾಸಿನಲ್ಲಿ ಆ ಗಿಳಿಹಸಿರು ಸೀರೆಯ ಫೋಟೋವನ್ನು ಗೋಡೆಯ ಪರದೆಯ ಮೇಲೆ ದೊಡ್ಡದಾಗಿ ಹಾಕಿ, ಎಲ್ಲರ ಮುಂದೆ ಅವನನ್ನು ನಿಲ್ಲಿಸಿ ಕೇಳಿದೆ. ಇದು ನಿನಗೆ ಹಸಿರಾಗಿ ಕಾಣುತ್ತದೆಯೇ ಎಂದೆ. ಕಣ್ಣು ಎಲ್ಲಿಟ್ಟುಕೊಂಡು ಕೆಲಸ ಮಾಡುತ್ತೀ ಎಂದೆ. ಹಿಂದಿನ ಬೆಂಚಿನಲ್ಲಿ ಇಬ್ಬರು ನಕ್ಕರು. ನಾನು ಅವರನ್ನು ತಡೆಯಲಿಲ್ಲ. ಮರುದಿನ ಅವನು ಬರಲಿಲ್ಲ, ಆ ವಾರವಿಡೀ ಬರಲಿಲ್ಲ.

ಭಾನುವಾರ ಬೆಳಿಗ್ಗೆ ವಿಳಾಸ ಹುಡುಕಿಕೊಂಡು ಅವನ ಮನೆಗೆ ಹೋದೆ. ಕ್ಷಮೆ ಕೇಳಬೇಕೆಂದು ಹೊರಟೆನೋ ಇನ್ನೊಂದಿಷ್ಟು ಬುದ್ಧಿ ಹೇಳಬೇಕೆಂದು ಹೊರಟೆನೋ, ನನಗೇ ಸ್ಪಷ್ಟವಿರಲಿಲ್ಲ. ಎರಡು ಕೋಣೆಯ ಮನೆ. ಬಾಗಿಲ ಬಳಿ ಹೊಲಿಗೆ ಯಂತ್ರವಿತ್ತು. ಅವನ ತಾಯಿ ಸೀರೆಗಳಿಗೆ ಫಾಲ್ ಹಚ್ಚಿಕೊಡುತ್ತಿದ್ದರು. ನನ್ನನ್ನು ‘ಬರ್ರಿ ಅಕ್ಕಾರ’ ಎಂದು ಕರೆದರು. ಶಾಲೆಯ ಮೇಡಮ್ಮುಗಳನ್ನು ಉತ್ತರ ಕರ್ನಾಟಕದ ನಮ್ಮ ಕಡೆ ಕರೆಯುವುದೇ ಹಾಗೆ. ಹೈದರಾಬಾದಿನಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ತಂದೆ ಕುರ್ಚಿ ಬಿಟ್ಟುಕೊಟ್ಟು ತಾವು ಮಂಚದ ಅಂಚಿಗೆ ಕೂತರು. ಮಗನ ಬಗ್ಗೆ ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರುಮಾಡಿದರು.

“ಇವಗ ಯಾವುದರಾಗೂ ಮನಸ್ಸಿಲ್ರಿ. ರೈಲ್ವೆ ಪರೀಕ್ಷೆ ಬರೆದ, ಲಿಸ್ಟಿನಾಗ ಹೆಸರು ಬರಲಿಲ್ಲ. ಓದಿದ್ದರ ಬರ್ತಿತ್ತು. ಈಗ ನಿಮ್ಮ ಕಡೆ ಬಂದು ಇದನ್ನೂ ಅರ್ಧಕ್ಕ ಬಿಡಾಕತ್ತಾನ.”

ಹುಡುಗ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ತಾಯಿ ಯಂತ್ರದ ಮುಂದೆ ಕೂತು ಎಲೆಹಸಿರು ಬಣ್ಣದ ಒಂದು ಸೀರೆಯನ್ನು ಮಡಿಲಲ್ಲಿ ಹರಡಿಕೊಂಡಿದ್ದರು. ಮಾತಿನ ನಡುವೆಯೇ ಅವನಿಗೆ ದಾರದ ಡಬ್ಬಿಯಿಂದ ಹಸಿರು ಉಂಡೆ ಕೊಡೆಂದರು. ಅವನು ಬಗ್ಗಿ, ಕ್ಷಣ ಹೊತ್ತು ಡಬ್ಬಿಯೊಳಗೆ ನೋಡಿ, ಒಂದನ್ನು ಎತ್ತಿ ಕೊಟ್ಟ. ಅದು ಕಂದು. ತಾಯಿ ಅದನ್ನು ಮತ್ತೆ ಡಬ್ಬಿಗೆ ಹಾಕಿ ತಾವೇ ಹಸಿರನ್ನು ತೆಗೆದುಕೊಂಡರು. ದಿನಾ ನಡೆಯುವ ಸಂಗತಿಯ ಹಾಗೆ ಅದು ನಡೆದುಹೋಯಿತು. ತಂದೆ ಮಾತಾಡುತ್ತಲೇ ಇದ್ದರು, ನನಗೆ ಆಮೇಲಿನದ್ದು ಒಂದೂ ಕೇಳಿಸಲಿಲ್ಲ. ಹದಿನೆಂಟು ವರ್ಷ ಬಣ್ಣ ನೋಡಿ ಅನ್ನ ತಿಂದವಳು ನಾನು, ಐದು ತಿಂಗಳು ಎದುರಿಗೇ ಇದ್ದದ್ದು ನನಗೆ ಕಂಡಿರಲಿಲ್ಲ.

ಚಹಾ ಕುಡಿದು ಎದ್ದೆ. ಬಸ್ ಸ್ಟಾಪಿನವರೆಗೆ ಬಾ ಎಂದು ಅವನನ್ನು ಕರೆದುಕೊಂಡು ಹೊರಟೆ. ಓಣಿಯ ತಿರುವಿನಲ್ಲಿ ನಿಂತು, ನಿನಗೆ ಕೆಂಪು ಹಸಿರು ಫರಕು ಕಾಣುವುದಿಲ್ಲವೇನೋ ಎಂದು ಕೇಳಿದೆ. ಅವನು ನೆಲ ನೋಡಿಕೊಂಡು ಹೌದೆಂದು ತಲೆಯಾಡಿಸಿದ. ಆಮೇಲೆ ಎಲ್ಲವನ್ನೂ ಹೇಳಿದ. ರೈಲ್ವೆಯ ಬರಹದ ಪರೀಕ್ಷೆ ಅವನು ಪಾಸಾಗಿದ್ದ. ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣದ ಚುಕ್ಕೆಗಳ ಪುಸ್ತಕ ಮುಂದಿಟ್ಟು, ಚುಕ್ಕೆಗಳ ನಡುವೆ ಯಾವ ಅಂಕಿ ಇದೆ ಎಂದು ಕೇಳಿದ್ದರು. ಅವನಿಗೆ ಬರೀ ಚುಕ್ಕೆಗಳು ಕಂಡಿದ್ದವು. ಮನೆಗೆ ಬಂದು ಲಿಸ್ಟಿನಲ್ಲಿ ಹೆಸರಿಲ್ಲ ಎಂದಿದ್ದ.

“ಕಣ್ಣಾಗ ದೋಷ ಐತಿ ಅಂತ ಹೇಳೋದಕ್ಕಿಂತ, ಓದಲಿಲ್ಲ ಅಂತ ಬೈಸ್ಕೊಳ್ಳೋದು ಹಗುರ ಅನ್ನಿಸ್ತ್ರಿ.”

ಹಾಗಿದ್ದ ಮೇಲೆ ಫೋಟೋಗ್ರಫಿಗೆ ಯಾಕೆ ಬಂದೆ ಎಂದು ಕೇಳಿದೆ. ಬಣ್ಣವನ್ನು ಕ್ಯಾಮೆರಾನೇ ನೋಡಿಕೊಳ್ಳುತ್ತದೆ, ತಾನು ಬೆಳಕು ನೋಡಿಕೊಂಡರೆ ಸಾಕು ಎಂದುಕೊಂಡಿದ್ದನಂತೆ. ನನ್ನನ್ನು ತೆಗೆದುಹಾಕುತ್ತೀರೇನು ಎಂದು ಅವನೂ ಕೇಳಿದ. ಗೊತ್ತಿಲ್ಲ ಎಂದೆ, ಆಗ ನನಗೆ ನಿಜವಾಗಿ ಗೊತ್ತಿರಲಿಲ್ಲ. ಆದರೆ ಮನೆಯಲ್ಲಿ ಹೇಳಲೇಬೇಕು ಎಂದೆ. ನೀವೂ ಬರ್ರಿ ಎಂದ. ಇಬ್ಬರೂ ವಾಪಸು ನಡೆದೆವು.

ಅವನು ನಿಂತುಕೊಂಡೇ, ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ. ತಂದೆ ಎಣ್ಣೆ ಕೂತು ಕಪ್ಪಾದ ತಮ್ಮ ಉಗುರುಗಳನ್ನೇ ನೋಡುತ್ತಿದ್ದರು. ಕೊನೆಗೆ ಅಂದರು:

“ಒಂದು ವರ್ಷ ಸುಮ್ಮಸುಮ್ಮನ ಬೈಸ್ಕೊಂಡಿಯಲ್ಲೋ ನನ್ನ ಕೈಲೆ.”

ತಾಯಿ ಸೂಜಿಯನ್ನು ಸೀರೆಗೆ ಚುಚ್ಚಿಟ್ಟು ನನ್ನ ಕಡೆ ತಿರುಗಿದರು.

“ನನ್ನ ತಮ್ಮನೂ ಹಿಂಗ ಇದ್ದಾನ್ರಿ ಅಕ್ಕಾರ. ಹಣ್ಣ ಮೆಣಸಿನಕಾಯಿ ಬಿಡಿಸ್ಕೊಂಡು ಬಾ ಅಂದ್ರ, ಹಸಿಕಾಯಿನೂ ಕೂಡೇ ಬಿಡಿಸ್ಕೊಂಡು ಬರ್ತಿದ್ದ. ನಮ್ಮಪ್ಪ ಹೊಲದಾಗ ನಿಲ್ಲಿಸಿ ಹೊಡೀತಿದ್ದ. ಬೇಕಂತ ಮಾಡ್ತಾನ ಅಂತ ತಿಳಿದಿದ್ವಿ. ನಾನೂ ನಗತಿದ್ನಿ.”

ಇದು ಹೆಚ್ಚಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ, ಯಾರ ತಪ್ಪೂ ಅಲ್ಲ ಎಂದು ನನಗೆ ತಿಳಿದಷ್ಟು ಹೇಳಿದೆ. ತಪ್ಪು ಅಲ್ಲ ಎನ್ನುವ ಮಾತು ಅವರಿಗೆ ಕೇಳಿಸಿತೋ ಇಲ್ಲವೋ. ಅವರು ಎದ್ದು ಒಳಕೋಣೆಗೆ ಹೋಗಿ ಊರಿನಲ್ಲಿರುವ ತಮ್ಮನಿಗೆ ಫೋನು ಹಚ್ಚಿದರು. ಊಟ ಆಯಿತೇ, ಮಕ್ಕಳು ಹೇಗಿದ್ದಾರೆ ಎಂದು ವಿಚಾರಿಸುತ್ತಿದ್ದದ್ದು ಹೊರಗೆ ಕೇಳುತ್ತಿತ್ತು. ಮೆಣಸಿನಕಾಯಿಯ ಮಾತಿಗೆ ಅವರು ಬರುವ ಮೊದಲು ನಾನು ಹೊರಟುಬಂದೆ.

ಮುಂದಿನ ಎರಡು ದಿನ ನಾನು ಅವನನ್ನು ಬೇರೆ ಕೋರ್ಸಿಗೆ ಕಳಿಸುವ ಯೋಚನೆಯಲ್ಲೇ ಇದ್ದೆ. ಕೇಂದ್ರದಲ್ಲಿ ಕೇಳಿದವರೆಲ್ಲ ಅದೇ ಸರಿ ಎಂದರು. ಬಣ್ಣ ಕಾಣದವನಿಗೆ ಫೋಟೋ ಕಲಿಸಿ ಕೆಲಸಕ್ಕೆ ಕಳಿಸಿದರೆ ನಮ್ಮ ಹೆಸರು ಕೆಡುತ್ತದೆ ಎಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕ್ಲಾಸಿಗೆ ಹೋದಾಗೆಲ್ಲ ಗೋಡೆಯ ಮೇಲಿನ ಮೊಟ್ಟೆಯ ಫೋಟೋ ಕಣ್ಣಿಗೆ ಬೀಳುತ್ತಿತ್ತು. ಆ ತಂಡದಲ್ಲಿ ಹಾಗೆ ಬೆಳಕನ್ನು ನೋಡಬಲ್ಲವರು ಇನ್ನೊಬ್ಬರಿರಲಿಲ್ಲ. ಮೂರನೇ ದಿನ ಅವನು ಬಂದಾಗ, ಎಲ್ಲರ ಮುಂದೆ ಬೈದಿದ್ದರಿಂದ ಎಲ್ಲರ ಮುಂದೆಯೇ ತಪ್ಪಾಯಿತು ಎಂದೆ. ಕಾರಣ ಹೇಳುವುದು ಅವನಿಗೆ ಬಿಟ್ಟದ್ದು ಎಂದು ಸುಮ್ಮನಾದೆ. ಅವನೇ ಎದ್ದು ಹೇಳಿದ. ಹಿಂದಿನ ಬೆಂಚಿನವರು ಈ ಸಲ ನಗಲಿಲ್ಲ.

ಅವನನ್ನು ಅಲ್ಲೇ ಉಳಿಸಿಕೊಂಡೆ, ಆದರೆ ಬಣ್ಣ ಕಾಣದೆ ಕೆಲಸ ಮಾಡುವ ದಾರಿ ನಮಗೂ ಒಮ್ಮೆಗೇ ತಿಳಿಯಲಿಲ್ಲ. ಬೂದು ಬಣ್ಣದ ಒಂದು ಕಾರ್ಡನ್ನು ವಸ್ತುವಿನ ಪಕ್ಕ ಇಟ್ಟು ಮೊದಲ ಫೋಟೋ ತೆಗೆಯುವುದು, ಇದು ಅಪ್ಪಟ ಬೂದು ಎಂದು ಕಂಪ್ಯೂಟರಿಗೆ ಆ ಕಾರ್ಡನ್ನೇ ತೋರಿಸಿ ಉಳಿದ ಬಣ್ಣ ಸರಿಮಾಡಿಸುವುದು, ಆಮೇಲೆ ಕಣ್ಣಿನ ಮಾತು ಕೇಳಿ ಏನನ್ನೂ ಎಳೆಯದಿರುವುದು. ಈ ಮೂರನೆಯದೇ ಅವನಿಗೆ ಕಷ್ಟವಾಯಿತು. ಕಂಪ್ಯೂಟರಿನ ಪರದೆಯ ಮೇಲೆ ಯಾವ ಜಾಗಕ್ಕೆ ಮೌಸಿನ ಬಾಣ ಇಟ್ಟರೂ ಅಲ್ಲಿ ಕೆಂಪು, ಹಸಿರು, ನೀಲಿ ಎಷ್ಟೆಷ್ಟಿವೆ ಎಂದು ಅಂಕಿಗಳಲ್ಲಿ ಬರುತ್ತದೆ. ನಾನು ಆ ಅಂಕಿಗಳನ್ನು ಎಂದೂ ನೋಡಿದವಳಲ್ಲ, ನನಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಅವನು ಅವನ್ನು ಬಾಯಿಪಾಠ ಮಾಡಿಕೊಂಡ. ಗಿಳಿಹಸಿರು ಎಂದರೆ ಸುಮಾರು ಎಷ್ಟು, ಅರಿಶಿನ ಎಂದರೆ ಎಷ್ಟು, ನಮ್ಮ ಜನರ ಮೈಬಣ್ಣ ಎಷ್ಟರಿಂದ ಎಷ್ಟರವರೆಗೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡ. ಜೊತೆಯ ಒಬ್ಬ ಹುಡುಗಿ ಅವನ ಚಿತ್ರಗಳನ್ನು ಕಡೆಯದಾಗಿ ಒಮ್ಮೆ ನೋಡಿ ಕೊಡುತ್ತಿದ್ದಳು, ಅವನು ಅವಳಿಗೆ ಲೈಟು ಹೊಂದಿಸಿ ಕೊಡುತ್ತಿದ್ದ. ಸೀರೆ ಅಂಗಡಿಯ ಕೆಟ್ಟ ಚಿತ್ರಗಳನ್ನು ಇಬ್ಬರೂ ಸೇರಿ ಮತ್ತೆ ತೆಗೆದುಕೊಟ್ಟರು. ವಿಷಯ ತಿಳಿದ ಅಂಗಡಿಯವರು, ಇನ್ನು ಮೇಲೆ ತಮ್ಮ ಕಡೆ ಬೇರೆಯವರನ್ನು ಕಳಿಸಿದರೆ ಒಳ್ಳೆಯದು ಎಂದು ನನ್ನ ಬಳಿ ಮೆಲ್ಲಗೆ ಹೇಳಿದರು. ನಾನು ಆಗಲಿ ಎಂದೆ.

ಅವನ ಕೈ ನಿಜವಾಗಿ ಹತ್ತಿದ್ದು ಲೋಹದ ಮೇಲೆ. ನಾಚಾರಂ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವಾಲ್ವು ಮಾಡುವ ಒಂದು ಸಣ್ಣ ಕಾರ್ಖಾನೆಯವರು ಕ್ಯಾಟಲಾಗಿಗೆ ಫೋಟೋ ಕೇಳಿದ್ದರು. ಹೊಳೆಯುವ ಉಕ್ಕಿನ ಫೋಟೋ ತೆಗೆಯುವುದು ಸುಲಭವಲ್ಲ. ಎದುರಿಗೆ ನಿಂತವನ ಅಂಗಿಯಿಂದ ಹಿಡಿದು ಮೇಲಿನ ಟ್ಯೂಬ್‌ಲೈಟಿನವರೆಗೆ ಎಲ್ಲವೂ ಅದರಲ್ಲಿ ಕಾಣುತ್ತದೆ. ಅವನು ಥರ್ಮಾಕೋಲಿನ ಹಾಳೆ, ಕಪ್ಪು ಕಾಗದದ ಪಟ್ಟಿ ಹಿಡಿದು ಒಂದು ವಾಲ್ವಿನ ಮುಂದೆ ಇಡೀ ಮಧ್ಯಾಹ್ನ ಕೂತ. ಅದರ ಯಾವ ಮುಖವನ್ನು ತೋರಿಸಬೇಕು ಎಂದು ತಂದೆಗೆ ಫೋನು ಮಾಡಿ ಕೇಳಿದ. ಮುಂದಿನ ಸಲ ತಂದೆ ರಜೆ ಹಾಕಿ ಜೊತೆಗೇ ಬಂದು, ಯಾವ ಕೊರೆತ ನುಣುಪಾಗಿರಬೇಕು, ಕೊಳ್ಳುವವರು ಮೊದಲು ಎಲ್ಲಿ ನೋಡುತ್ತಾರೆ ಎಂದು ಬೆರಳಿಟ್ಟು ತೋರಿಸಿದರು. ಮೂರು ಗಂಟೆ ಇಬ್ಬರೂ ಅದನ್ನೇ ಮಾತಾಡಿದರು.

ಕೋರ್ಸು ಮುಗಿದ ಮೇಲೆ ಮಾದಾಪುರದ ಒಂದು ಸ್ಟುಡಿಯೋ ಅವನನ್ನು ಆರಿಸಿಕೊಂಡಿತ್ತು. ಸೇರುವ ಮೊದಲು ಅವನು ಕಣ್ಣಿನ ವಿಷಯ ಹೇಳಿದ, ಅವರು ಆಮೇಲೆ ತಿಳಿಸುತ್ತೇವೆ ಎಂದು ಹೇಳಿ ತಿಳಿಸಲಿಲ್ಲ. ಹೇಳದೆ ಸೇರಿಕೊಳ್ಳಬಹುದಿತ್ತು ಎಂದು ಅವನ ಗೆಳೆಯರು ಅಂದರಂತೆ. ನಾಲ್ಕು ತಿಂಗಳು ಕೆಲಸವಿಲ್ಲದೆ ಕಳೆದ. ಈಗ ಎರಡು ವರ್ಷದಿಂದ ಯಂತ್ರದ ಬಿಡಿಭಾಗಗಳ ಕ್ಯಾಟಲಾಗು ಮಾಡುವವರ ಬಳಿ ಇದ್ದಾನೆ.

ಕಳೆದ ತಿಂಗಳು ಹೊಸ ತಂಡಕ್ಕೆ ಒಂದು ದಿನ ಪಾಠ ಮಾಡಲು ಅವನನ್ನು ಕರೆಸಿದ್ದೆ. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಮೊದಲ ನಿಮಿಷದಲ್ಲೇ ತೆಲುಗಿನಲ್ಲಿ ತನ್ನ ಕಣ್ಣಿನ ಬಗ್ಗೆ ಹೇಳಿಕೊಂಡ. ಒಬ್ಬ ಹುಡುಗಿ ಕೈಯೆತ್ತಿ, ನನ್ನ ದುಪಟ್ಟಾ ಯಾವ ಬಣ್ಣ ಎಂದು ಕೇಳಿದಳು. ಗೊತ್ತಿಲ್ಲ, ನೀವೇ ಹೇಳಿ ಎಂದ. ಅವಳು ಕೆಂಪು ಎಂದಳು. ಸರಿ ಎಂದು ಹೇಳಿ, ಸ್ಟೀಲಿನ ಒಂದು ಬೇರಿಂಗನ್ನು ಮೇಜಿನ ಮೇಲಿಟ್ಟು, ಕಿಟಕಿಯ ಹತ್ತಿರ ಕೂತವರಿಗೆ ಪರದೆ ಎಳೆಯಲು ಹೇಳಿದ.